ಬ್ರದರ್ ಲಾರೆನ್ಸ್ ಮತ್ತು ನಮ್ಮನೆ ಅಡಿಕೆ ಹಂಡೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮ ಮನೆಯಲ್ಲಿ ಈಗ ಅಡಿಕೆ ಸುಲಿತದ ಕಾಲ. ಹಿಂದೆ ಏನಾದರೂ ಸದ್ದು ಕೇಳಿದರೆ ಅದು ಅಡಿಕೆ ಸುಲಿಯುವ ಮೆಟ್ಟುಗತ್ತಿಯದ್ದು, ಬೇಜಾರು ಮಾಡಿಕೊಳ್ಳಬೇಡಿ. ಇವತ್ತು ಹೇಳಬೇಕಾದ ವಿಷಯವೂ ಇದೇ ಜಗಲಿಯಲ್ಲಿ ಶುರುವಾಗಿದ್ದು.

ನಮ್ಮ ಚರ್ಚಿನ ವಾಟ್ಸಾಪ್ ಗ್ರೂಪಿಗೆ ದಿನಾ ಬೆಳಿಗ್ಗೆ ಒಂದು ಫೋಟೋ ಬರುತ್ತದೆ. ಹಿಂದೆ ಸೂರ್ಯೋದಯ, ಮೇಲೆ ಯಾರೋ ಸಂತರ ಒಂದು ಮಾತು. ಎಲ್ಲರೂ ಕೈಮುಗಿದ ಗುರುತು ಹಾಕುತ್ತೇವೆ. ಮಾತು ಒಳ್ಳೆಯದೇ. ಆದರೆ ತೋಟಕ್ಕೆ ಇಳಿಯುವ ಹೊತ್ತಿಗೆ ಮರೆತೇ ಹೋಗಿರುತ್ತದೆ. ಆ ಮಾತು ಹೇಳಿದವರು ಯಾರು, ಏನು ಕೆಲಸ ಮಾಡುತ್ತಿದ್ದರು, ಎಲ್ಲಿ ಎಡವಿದರು, ಇದ್ಯಾವುದೂ ನಮಗೆ ಗೊತ್ತಿಲ್ಲ. ನಾನು ಹೇಳುವುದು ಇಷ್ಟೇ: ಹಿರಿಯರ ಮಾತು ಬೇಕಾದರೆ ಅವರ ಬದುಕನ್ನೂ ಜೊತೆಗೆ ತೆಗೆದುಕೊಳ್ಳಬೇಕು. ಅವರು ಎಡವಿದ ಜಾಗವನ್ನಂತೂ ಬಿಡಲೇಬಾರದು.

ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ದರು. ಫ್ರಾನ್ಸಿನವರು, ತೀರಿಕೊಂಡಿದ್ದು 1691ರಲ್ಲಿ. ಮೊದಲು ಸಿಪಾಯಿ. ಯುದ್ಧದಲ್ಲಿ ಕಾಲಿಗೆ ಪೆಟ್ಟು ಬಿದ್ದು ಕುಂಟುವಂತಾಯಿತು. ಹದಿನೆಂಟನೇ ವಯಸ್ಸಿನಲ್ಲಿ ಚಳಿಗಾಲದ ಒಂದು ಬೋಳು ಮರ ನೋಡಿದರಂತೆ. ಇನ್ನು ಸ್ವಲ್ಪ ದಿನಕ್ಕೆ ಇದೇ ಮರ ಚಿಗುರುತ್ತದೆ, ಹೂವು ಬಿಡುತ್ತದೆ, ಹಣ್ಣಾಗುತ್ತದೆ ಅನ್ನುವ ಯೋಚನೆ ಬಂತು. ದೇವರ ಮೇಲಿನ ಪ್ರೀತಿ ಅಲ್ಲಿಂದ ಶುರು. ಮುಂದೆ ಪ್ಯಾರಿಸ್ಸಿನ ಕಾರ್ಮೆಲ್ ಮಠ ಸೇರಿದರು. ಮಠದಲ್ಲಿ ಸಿಕ್ಕಿದ್ದು ಅಡುಗೆಮನೆ ಕೆಲಸ. ಅವರಿಗೆ ಅಡುಗೆ ಕೆಲಸ ಅಂದರೆ ಆಗುತ್ತಲೇ ಇರಲಿಲ್ಲ! ಆದರೂ ಹದಿನೈದು ವರ್ಷ ಅದನ್ನೇ ಮಾಡಿದರು. ಒಮ್ಮೆ ದೂರದ ಊರಿಗೆ ವೈನ್ ತರಲು ಕಳಿಸಿದರು. ಕುಂಟುಕಾಲು, ದೋಣಿಯಲ್ಲಿ ನಡೆದಾಡಲು ಆಗದೆ ಪೀಪಾಯಿಗಳ ಮೇಲೆ ಉರುಳಿಕೊಂಡೇ ಆಚೆ ಈಚೆ ಹೋದರಂತೆ.

ಇಂಥವರು ಹೇಳಿದ ಮಾತು ಕೇಳಿ. ಅಡುಗೆಮನೆಯಲ್ಲಿ ಗದ್ದಲವಿರುತ್ತದೆ, ನಾಲ್ಕಾರು ಜನ ಒಟ್ಟಿಗೇ ಅದು ಕೊಡಿ, ಇದು ಕೊಡಿ ಅನ್ನುತ್ತಿರುತ್ತಾರೆ. ಆಗಲೂ ಚರ್ಚಿನಲ್ಲಿ ಪರಮಪ್ರಸಾದದ, ಅಂದರೆ ಯೇಸುವಿನ ಶರೀರವೆಂದು ನಾವು ನಂಬುವ ರೊಟ್ಟಿಯ, ಮುಂದೆ ಮೊಣಕಾಲೂರಿದಷ್ಟೇ ಸಮಾಧಾನದಲ್ಲಿ ನಾನು ದೇವರ ಜೊತೆ ಇರುತ್ತೇನೆ ಅಂದರು. ಬಾಣಲೆಯಲ್ಲಿ ಆಮ್ಲೆಟ್ ತಿರುವಿ ಹಾಕುವುದನ್ನೂ ದೇವರ ಮೇಲಿನ ಪ್ರೀತಿಯಿಂದ ಮಾಡುತ್ತೇನೆ ಅಂದರು.

ಇದು ಕಾಯಕವೇ ಕೈಲಾಸ ಅಂದ ಹಾಗೆ ಅಲ್ವಾ ಅಂತ ಪಕ್ಕದ ಮನೆಯವರು ಕೇಳಿದರು. ಹತ್ತಿರದ್ದೇ, ನಿಜ. ಆದರೆ ವಚನಕಾರ ಆಯ್ದಕ್ಕಿ ಮಾರಯ್ಯನವರು ಕಾಯಕದಲ್ಲಿ ಮುಳುಗಿದರೆ ಲಿಂಗಪೂಜೆಯನ್ನೂ ಮರೆಯಬೇಕು ಅಂದವರು. ಲಾರೆನ್ಸ್ ಕೆಲಸದ ನಡುವೆಯೂ ದೇವರನ್ನು ಮಾತಾಡಿಸುತ್ತಾ ಇರಿ ಅಂದವರು. ಕೆಲಸ ದೊಡ್ಡದು ಅನ್ನುವುದು ನಮ್ಮ ಮಣ್ಣಿಗೆ ಹೊಸತಲ್ಲ. ನನಗೆ ಬೇಕಾಗಿದ್ದದ್ದು ಆ ಮಾತುಕತೆ.

ಯಾಕೆ ಅಂತ ಹೇಳುತ್ತೇನೆ. ಹೋದ ವರ್ಷ ಒಂದು ಸಂಜೆ ನಾನು ಅಡಿಕೆ ಬೇಯಿಸುತ್ತಿದ್ದೆ. ಹಂಡೆಯಲ್ಲಿ ಚೊಗರು, ಅಂದರೆ ಅಡಿಕೆ ಬೇಯಿಸುವ ನೀರು, ಕುದಿಯುತ್ತಿತ್ತು, ಹೊಗೆಗೆ ಕಣ್ಣು ಉರಿಯುತ್ತಿತ್ತು. ಫೋನಿನಲ್ಲಿ ರೇಟಿನ ಮಾತು. ಪಕ್ಕದಲ್ಲಿ ಮಗಳು ಲೆಕ್ಕದ ಪುಸ್ತಕ ಹಿಡಿದು ನಿಂತಿದ್ದಳು. ಒಳಗಿಂದ ಅಮ್ಮ ಮೂರು ಸಲ ಕರೆದರು. ಅಷ್ಟರಲ್ಲಿ ಹಂಡೆ ಉಕ್ಕಿ ಅರ್ಧ ಬೆಂಕಿ ಆರಿತು. ಅಮ್ಮನಿಗೆ ಕೂಗಿಬಿಟ್ಟೆ. ಎಂಥ ಮಾತು ಅಂತ ಇಲ್ಲಿ ಹೇಳುವುದಿಲ್ಲ. ರಾತ್ರಿ ಜಪಸರಕ್ಕೆ, ಅಂದರೆ ಮಣಿಸರ ಹಿಡಿದು ಮಾಡುವ ಪ್ರಾರ್ಥನೆಗೆ, ಎಲ್ಲರೂ ಕೂತಾಗ ನನ್ನ ಬಾಯಿಗೆ ಪ್ರಾರ್ಥನೆಯೇ ಬರಲಿಲ್ಲ.

ಲಾರೆನ್ಸ್ ತಪ್ಪು ಮಾಡಿದಾಗ ಏನು ಮಾಡುತ್ತಿದ್ದರು ಗೊತ್ತಾ? ನೀನು ಕೈಬಿಟ್ಟರೆ ನಾನು ಹೀಗೇ ಮಾಡುವುದು, ನೀನೇ ತಡೆಯಬೇಕು, ನೀನೇ ಸರಿಮಾಡಬೇಕು ಅಂತ ದೇವರಿಗೆ ಹೇಳಿ, ಕೊರಗುತ್ತಾ ಕೂರದೆ ಮತ್ತೆ ಕೆಲಸಕ್ಕೆ ಹೋಗುತ್ತಿದ್ದರು. ಇದು ನನಗೆ ದೊಡ್ಡ ಪಾಠ. ನಾನು ವಾರಗಟ್ಟಲೆ ಕೊರಗುವವನು. ಅವತ್ತು ರಾತ್ರಿ ಅವರ ಹಾಗೇ ಹೇಳಿ ಮಲಗಿದೆ. ನಿದ್ದೆ ಬಂತು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮುಂದಿನ ಭಾನುವಾರ ಪೂಜೆ ಆದ ಮೇಲೆ ಮಕ್ಕಳಿಗೆ ಧರ್ಮೋಪದೇಶ ಹೇಳುವ ಸರದಿ ನನ್ನದು. ಸಂತ ಅಗಸ್ಟೀನರ ಕಥೆ ಹೇಳಿದೆ. ಅವರು 354ರಲ್ಲಿ ಉತ್ತರ ಆಫ್ರಿಕಾದಲ್ಲಿ ಹುಟ್ಟಿದವರು. ಹದಿನಾರರ ವಯಸ್ಸಿನಲ್ಲಿ ಗೆಳೆಯರ ಜೊತೆ ರಾತ್ರಿ ಹೋಗಿ ಬೇರೆಯವರ ಮರದ ಪೇರ್ ಹಣ್ಣು ಕದ್ದರು. ಹಸಿವಾಗಿರಲಿಲ್ಲ. ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಹಣ್ಣಿತ್ತು. ಕದ್ದದ್ದನ್ನು ಹಂದಿಗಳಿಗೆ ಎಸೆದರು. ಮುಂದೆ ಬಿಷಪ್ ಆದ ಮೇಲೆ ಇದನ್ನೇ ಕೂತು ಬರೆದರು. ಒಬ್ಬನೇ ಇದ್ದಿದ್ದರೆ ನಾನು ಕದಿಯುತ್ತಿರಲಿಲ್ಲ, ‘ಬನ್ನಿ, ಮಾಡೋಣ’ ಅಂತ ಗೆಳೆಯರು ಅಂದಾಗ ನಾಚಿಕೆಗೆಡದೆ ಇರುವುದಕ್ಕೇ ನಾಚಿಕೆ ಆಗುತ್ತದೆ ಅಂತ. ನಮ್ಮ ಗ್ರೂಪುಗಳಲ್ಲಿ ಒಬ್ಬರ ಮೇಲೆ ಎಲ್ಲರೂ ಸೇರಿ ಬೀಳುತ್ತೇವಲ್ಲ, ಅದನ್ನು ಇದಕ್ಕಿಂತ ಸರಿಯಾಗಿ ಯಾರೂ ಹೇಳಿಲ್ಲ ಅನ್ನಿಸುತ್ತದೆ ನನಗೆ.

ಘಟ್ಟದ ಕೆಳಗಿನಿಂದ ಬಂದ ನಮ್ಮ ಅಜ್ಜ ಅಜ್ಜಿ ಕೊಂಕಣಿಯಲ್ಲಿ ಪ್ರಾರ್ಥನೆ ಹೇಳುತ್ತಿದ್ದರು. ಈಗಿನ ಮಕ್ಕಳು ಓದುವುದು ಕನ್ನಡ, ಇಲ್ಲಾಂದ್ರೆ ಇಂಗ್ಲಿಷ್. ಈ ಕಥೆಗಳನ್ನು ಕನ್ನಡದಲ್ಲಿ, ಬಿಡಿಸಿ, ನಿಧಾನವಾಗಿ ಹೇಳಬೇಕು. ವಾರಕ್ಕೆ ಐದು ನಿಮಿಷ ಸಾಕು. ಹೇಳಿ, ಮಕ್ಕಳು ಪ್ರಶ್ನೆ ಕೇಳಲಿ ಅಂತ ಸುಮ್ನೆ ಕೂತುಕೊಳ್ಳಬೇಕು.

ಅವತ್ತು ಹಿಂದಿನ ಸಾಲಿನ ಒಬ್ಬ ಹುಡುಗ ಕೈ ಎತ್ತಿದ. “ಅಂಕಲ್, ಮರದ ಯಜಮಾನರ ಹತ್ರ ಹೋಗಿ ಅವರು ತಪ್ಪಾಯ್ತು ಅಂತ ಹೇಳಿದ್ರಾ?”

ಅಗಸ್ಟೀನರು ಪುಸ್ತಕದಲ್ಲಿ ದೇವರ ಹತ್ತಿರ ಪುಟಗಟ್ಟಲೆ ಹೇಳಿಕೊಂಡಿದ್ದಾರೆ. ಮರದ ಯಜಮಾನನ ಹತ್ತಿರ ಹೋದ ಮಾತು ಅಲ್ಲಿಲ್ಲ. ಹಾಗಂತಲೇ ಹೇಳಿದೆ. ಹೇಳುವಾಗಲೇ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯಿತು. ನಾನೂ ದೇವರಿಗೆ ಮಾತ್ರ ಹೇಳಿದ್ದೆ.

ಮನೆಗೆ ಬಂದೆ. ಅಮ್ಮ ಜಗಲಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತಿದ್ದರು. ಪಕ್ಕದಲ್ಲಿ ಕೂತು, “ಅವತ್ತು ಹಾಗೆ ಕೂಗಬಾರದಿತ್ತು ಅಮ್ಮ, ತಪ್ಪಾಯ್ತು” ಅಂದೆ. ಅಮ್ಮ ಕೈಲಿದ್ದ ಅಡಿಕೆ ಸುಲಿದು ಮುಗಿಸಿದರು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

“ಆಯ್ತು ಮಗಾ,” ಅಂದರು. “ಆ ಬುಟ್ಟಿ ಸ್ವಲ್ಪ ಈ ಕಡೆ ಎಳಿ.”