ವಿಂಡೋಸ್ ಪ್ರಾಡಕ್ಟ್ ಕೀ ಎಲ್ಲಿದೆ? ಮದರ್‌ಬೋರ್ಡ್ ಹೋಗೂ ಮೊದ್ಲೇ ನೋಡ್ಕೊಳ್ಳಿ

ಹೊರಗೆ ಕಾರವಾರದ ಮಳೆ ಜಡಿ ಹಿಡಿದಿದೆ. ಒಳಗೆ ಮೇಜಿನ ಮೇಲೆ ಬೋರಲಾಗಿ ಮಲಗಿದ ಹಳೇ ಲ್ಯಾಪ್‌ಟಾಪ್. ಅದರ ಬೆನ್ನಿಗೆ ಅಂಟಿದ ಸ್ಟಿಕರ್ ಹತ್ತಿರದಿಂದ ನೋಡಿ, ವಿಂಡೋಸ್ 7 ಕಾಲದ್ದು. ವಿಂಡೋಸ್ ಅಸಲಿ ಅಂತ ಆಕ್ಟಿವೇಟ್ ಮಾಡೂ ಪ್ರಾಡಕ್ಟ್ ಕೀ ಅದ್ರ ಮೇಲಿದೆ. ಐದೈದು ಅಕ್ಷರದ ಐದು ಗುಂಪು, ಒಟ್ಟು 25. ಮೊದಲ ಎರಡು ಗುಂಪು ಓದ್ಲಿಕ್ಕೆ ಬರ್ತದೆ, ಉಳಿದದ್ದು ಬೆವರು ತಾಗಿ, ಉಜ್ಜಿ ಉಜ್ಜಿ ಬಿಳಚಿದೆ. ಟಾರ್ಚ್ ನೇರ ಬಿಡಬೇಡಿ, ಹೊಳಪು ಹೊಡೀತದೆ. ಓರೆಯಾಗಿ ಹಿಡೀರಿ. ಕೆಲವು ಮಾಡೆಲ್‌ಗಳಲ್ಲಿ ಸ್ಟಿಕರ್ ಬ್ಯಾಟರಿ ಕೆಳಗೆ ಇರ್ತದೆ, ಅದು ಸ್ವಲ್ಪ ಚೆನ್ನಾಗಿ ಉಳಿದಿರ್ತದೆ.

ಓದುವಾಗ ಒಂದು ಗುಟ್ಟು ಗೊತ್ತಿರಲಿ. ಈ ಕೀಯಲ್ಲಿ ಸೊನ್ನೆ, ಒಂದು, ಐದು ಬರೂದೇ ಇಲ್ಲ. ಎ, ಇ, ಐ, ಓ, ಯು ಇಲ್ಲ. ಎಲ್, ಎಸ್, ಝಡ್ ಸಹ ಇಲ್ಲ. ಹಾಗಾಗಿ ಸೊನ್ನೆ ಹಾಗೆ ಕಂಡದ್ದು ಡಿ ಇಲ್ಲಾ ಕ್ಯೂ. ನಿಜವಾದ ತಲೆನೋವು ಬಿ ಮತ್ತು 8, ಜಿ ಮತ್ತು 6. ಅಲ್ಲಿ ಎರಡನ್ನೂ ಹಾಕಿ ನೋಡೂದೇ ದಾರಿ. ಓದಿದ್ರೂ ವಿಂಡೋಸ್ 7 ಕೀಯಿಂದ ಹೊಸದಾಗಿ 10 ಅಥವಾ 11 ಆಕ್ಟಿವೇಟ್ ಮಾಡೂ ದಾರಿಯನ್ನ 2023ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಮುಚ್ಚಿದೆ.

2012ರಲ್ಲಿ ವಿಂಡೋಸ್ 8 ಬಂತಲ್ಲ, ಆಮೇಲಿನ ಲ್ಯಾಪ್‌ಟಾಪಿಗೆ ಸ್ಟಿಕರ್ ಹುಡುಕಬೇಡಿ. ವಿಂಡೋಸ್ ಹಾಕಿಯೇ ಮಾರಿದ್ದಾದ್ರೆ ಕೀ ಮದರ್‌ಬೋರ್ಡಿನ ಬಯಾಸ್ ಚಿಪ್ ಒಳಗೆ (ಕಂಪ್ಯೂಟರ್ ಶುರು ಮಾಡೂ ಚಿಪ್ ಅದು), ಎಂಎಸ್‌ಡಿಎಂ ಅನ್ನೂ ಟೇಬಲ್‌ನಲ್ಲಿ ಇರ್ತದೆ. ಹಾರ್ಡ್‌ಡಿಸ್ಕ್ ಬದಲಿಸಿದ್ರೂ, ಫಾರ್ಮ್ಯಾಟ್ ಹೊಡೆದ್ರೂ ಅದಕ್ಕೆ ಏನೂ ಆಗೂದಿಲ್ಲ. ಕಮಾಂಡ್ ಟೈಪ್ ಮಾಡೂ ಕಿಟಕಿ ಪವರ್‌ಶೆಲ್ಲನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಹೀಗೇ ಟೈಪ್ ಮಾಡಿ: (Get-CimInstance SoftwareLicensingService).OA3xOriginalProductKey. ಅಂದ್ರೆ ಬ್ರಾಕೆಟ್ ಒಳಗೆ ಗೆಟ್, ಹೈಫನ್, ಸಿಮ್‌ಇನ್‌ಸ್ಟನ್ಸ್, ಒಂದು ಸ್ಪೇಸ್, ಸಾಫ್ಟ್‌ವೇರ್‌ಲೈಸೆನ್ಸಿಂಗ್‌ಸರ್ವಿಸ್. ಬ್ರಾಕೆಟ್ ಮುಚ್ಚಿ ಚುಕ್ಕೆ ಇಡಿ, ಆಮೇಲೆ ಓಎ3ಎಕ್ಸ್‌ಒರಿಜಿನಲ್‌ಪ್ರಾಡಕ್ಟ್‌ಕೀ. ಮೊದಲನೇದು ಓ ಅಕ್ಷರ ಮಾರಾಯ್ರೇ, ಸೊನ್ನೆ ಅಲ್ಲ. ಹೆಚ್ಚಿನವರು ಎಡವೂದು ಅಲ್ಲೇ. ಹಳೇ ವಿಡಿಯೊಗಳಲ್ಲಿ ಹೇಳೂ ಡಬ್ಲ್ಯೂಎಂಐಸಿ ಕಮಾಂಡ್, ಹೊಸದಾಗಿ ಹಾಕಿದ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಇರೂದಿಲ್ಲ.

ಎಂಟರ್ ಹೊಡೆದ್ಮೇಲೆ ಖಾಲಿ ಸಾಲು ಬಂದ್ರೆ ಟೈಪಿಂಗ್ ಒಮ್ಮೆ ಸರಿನೋಡಿ. ಅದು ಸರಿಯಿದ್ರೆ, ಚಿಪ್‌ನಲ್ಲಿ ಕೀ ಇಲ್ಲ ಅಂತ ಅರ್ಥ. ಅಸೆಂಬಲ್ ಮಾಡಿದ ಡೆಸ್ಕ್‌ಟಾಪ್‌ನಲ್ಲಿ ಹಾಗೇ ಬರ್ತದೆ. ಆಗ ವಿಂಡೋಸ್ ಬಟನ್ ಜೊತೆ ಆರ್ ಒತ್ತಿ, ಎಸ್ ಎಲ್ ಎಂ ಜಿ ಆರ್, ಸ್ಪೇಸ್, ಸ್ಲ್ಯಾಶ್, ಡಿ ಎಲ್ ಐ (slmgr /dli) ಅಂತ ಟೈಪ್ ಮಾಡಿ ಎಂಟರ್ ಹೊಡೀರಿ. ಕಿಟಕಿ ಬರ್ಲಿಕ್ಕೆ ಕೆಲವು ಸೆಕೆಂಡ್ ಬೇಕು, ಕಾಯಿರಿ. ಅದ್ರಲ್ಲಿ ಕೀಯ ಕೊನೇ ಐದು ಅಕ್ಷರ ಇರ್ತದೆ. 8ಎಚ್‌ವಿಎಕ್ಸ್7 ಅಂತಿದ್ರೆ ಹೋಮ್, 3ವಿ66ಟಿ ಅಂತಿದ್ರೆ ಪ್ರೊ. ಎರಡೂ ಎಲ್ಲರಿಗೂ ಒಂದೇ ಆದ ಸಾಮಾನ್ಯ ಕೀ. ಕೀ ಫೈಂಡರ್ ಸಾಫ್ಟ್‌ವೇರ್ ಇದನ್ನೇ ತೋರಿಸ್ತದೆ, ಜನ ಡೈರಿಯಲ್ಲಿ ಜೋಪಾನ ಬರೆದಿಡ್ತಾರೆ! ಅದ್ರಿಂದ ಆಕ್ಟಿವೇಶನ್ ಆಗೂದಿಲ್ಲ. ನಿಮ್ಮ ಲೈಸೆನ್ಸ್ ಡಿಜಿಟಲ್ ಆಗಿ, ಹಾರ್ಡ್‌ವೇರ್‌ಗೆ ಕಟ್ಟಿಕೊಂಡು ಮೈಕ್ರೋಸಾಫ್ಟ್ ಸರ್ವರ್‌ನಲ್ಲಿ ಇದೆ. ಅದೇ ಕಿಟಕಿಯಲ್ಲಿ ಕೆಎಂಎಸ್‌ಕ್ಲೈಂಟ್ ಅಂತ ಕಂಡ್ರೆ ಅದು ಆಫೀಸುಗಳಿಗೆ ಕೊಡೂ ಲೈಸೆನ್ಸ್, 180 ದಿನಕ್ಕೊಮ್ಮೆ ನವೀಕರಿಸಬೇಕು. ಮನೆ ಕಂಪ್ಯೂಟರಲ್ಲಿ ಅದಿದ್ರೆ ಯಾರೋ ಆಕ್ಟಿವೇಟರ್ ಅನ್ನೂ ಕಳ್ಳ ಸಾಫ್ಟ್‌ವೇರ್ ಹೊಡೆದುಕೊಟ್ಟಿರಬೇಕು.

ಈಗ ನಮ್ಮ ಕಡೆಯ ಕಷ್ಟ. ಕರಾವಳಿಯ ಉಪ್ಪುಗಾಳಿಗೆ ಕನೆಕ್ಟರ್ ಪಿನ್ನು ಹಸಿರು ಹಿಡೀತದೆ, ಶಿರಸಿ ಬದಿಗೆ ಮೇ ತಿಂಗಳ ಸಿಡಿಲು. ಎರಡೂ ಕಡೆ ಏಟು ಮದರ್‌ಬೋರ್ಡಿಗೇ. ಬೋರ್ಡ್ ಹೋದ್ರೆ ಚಿಪ್ಪಿನ ಕೀಯೂ ಅದರ ಜೊತೆಗೇ. ಅದಕ್ಕೇ ಮಿಷನ್ ಚೆನ್ನಾಗಿದ್ದಾಗಲೇ ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್‌ಗೆ ಹೋಗಿ ಮೈಕ್ರೋಸಾಫ್ಟ್ ಅಕೌಂಟ್ ಸೇರಿಸಿ. ಬೋರ್ಡ್ ಬದಲಾದ ಮೇಲೆ ಸಿ004ಎಫ್211 ಅಂತ ಕೊನೆಯಾಗೂ ಎರರ್ ಬಂದ್ರೆ, ಅದೇ ಜಾಗದ ಟ್ರಬಲ್‌ಶೂಟ್ ಒತ್ತಿ, ಹಾರ್ಡ್‌ವೇರ್ ಬದಲಿಸಿದ್ದೇನೆ ಅನ್ನೂ ಆಯ್ಕೆ ಹಿಡೀರಿ. ಆದ್ರೆ ಬೇರೆಯಾಗಿ ಕೊಂಡ ರೀಟೇಲ್ ಲೈಸೆನ್ಸ್ ಹೊಸ ಬೋರ್ಡಿಗೆ ಬರ್ತದೆ, ಲ್ಯಾಪ್‌ಟಾಪ್ ಜೊತೆ ಬಂದ ಓಇಎಂ ಲೈಸೆನ್ಸ್ ಹಳೇ ಬೋರ್ಡಿನದ್ದು. ವಾರಂಟಿಯಲ್ಲಿ ಬೋರ್ಡ್ ಹಾಕಿಸಿದ್ರೆ ಕೌಂಟರ್ ಬಿಡೂ ಮೊದ್ಲು ಆ ಪವರ್‌ಶೆಲ್ ಸಾಲು ಅಲ್ಲೇ ಹೊಡೆದು, ಕೀ ಬಂತಾ ಅಂತ ನೋಡ್ಕೊಂಡು ಹೊರಡಿ.