ಜಡ್ಜ್ ಪಕ್ಕದಲ್ಲಿ ಕೂತು ಜಡ್ಜ್ ಆಗುವುದು: ಚೀನಾದ ಒಂದು ಕೋರ್ಟ್ ಸೀರಿಯಲ್ ಕಥೆ

[ತೆರೆಯ ಮೇಲೆ: ಕಪ್ಪು ಗೌನ್. ಎದೆಯ ಕೆಂಪು ಪಟ್ಟಿಯ ಮೇಲೆ ನಿಧಾನವಾಗಿ ಝೂಮ್]

ಈ ಗೌನಿನ ಗುಂಡಿ ಎಣಿಸಿ. ಬಂಗಾರದ ಬಣ್ಣದವು, ನಾಲ್ಕು. ಚೀನಾದ ಜಡ್ಜ್‌ಗಳು ಹಾಕುವ ಗೌನ್ ಇದು. ನಾಲ್ಕು ಗುಂಡಿ ಅಂದರೆ ನಾಲ್ಕು ನಿಷ್ಠೆ: ಕಮ್ಯುನಿಸ್ಟ್ ಪಕ್ಷಕ್ಕೆ, ಜನರಿಗೆ, ಸತ್ಯಾಂಶಕ್ಕೆ, ಕಾನೂನಿಗೆ. ಹೌದು, ಪಕ್ಷದ ಹೆಸರೇ ಮೊದಲು. ಅದನ್ನ ಮರೆಯದೇ ಮುಂದಿನದನ್ನು ನೋಡೋಣ.

[ಶೀರ್ಷಿಕೆ: ದೀಶ್ಯೆನ್]

‘ದೀಶ್ಯೆನ್’ 2022ರ ಸೆಪ್ಟೆಂಬರ್‌ನಲ್ಲಿ ಹುನಾನ್ ಟಿವಿಯಲ್ಲಿ ಶುರುವಾದ ಸೀರಿಯಲ್. 40 ಎಪಿಸೋಡ್. ಜಿನ್ ಡಾಂಗ್ ಮಾಡಿರುವ ಪಾತ್ರ ಫಾಂಗ್ ಯುವಾನ್, ಅನುಭವಿ ಜಡ್ಜ್. ಅವನ ಕೈಕೆಳಗೆ ಇಬ್ಬರು ಎಳೆಯರು, ಝೌ ಯಿಆನ್ ಮತ್ತು ಯೆ ಶಿನ್. ಇಬ್ಬರೂ ಜಡ್ಜ್ ಅಲ್ಲ, ಜಡ್ಜ್‌ಗೆ ಸಹಾಯಕರು.

ಓದು ಮುಗಿದ ಮೇಲೂ ಯಾಕೆ ಸಹಾಯಕರು? ಇಲ್ಲೇ ಇರುವುದು ವಿಷಯ.

[ಗ್ರಾಫಿಕ್: 2,10,000 → 1,20,000]

ಮೊದಲು ಚೀನಾದಲ್ಲಿ ಜಡ್ಜ್ ಅನ್ನಿಸಿಕೊಂಡವರು 2 ಲಕ್ಷಕ್ಕೂ ಜಾಸ್ತಿ. ಅವರಲ್ಲಿ ಎಷ್ಟೋ ಜನ ಕೇಸೇ ಕೇಳುತ್ತಿರಲಿಲ್ಲ, ಆಫೀಸ್ ಕೆಲಸ ಮಾಡಿಕೊಂಡಿದ್ದರು. 2014ರಿಂದ ಶುರುವಾದ ಸುಧಾರಣೆಯಲ್ಲಿ ಕೋಟಾ ಬಂತು, ಅಂದರೆ ಎಷ್ಟು ಜನ ಜಡ್ಜ್ ಇರಬಹುದು ಅನ್ನುವುದಕ್ಕೆ ಮಿತಿ. ಸೋಸಿ ಸೋಸಿ 2017ರ ಹೊತ್ತಿಗೆ ಸುಮಾರು 1 ಲಕ್ಷ 20 ಸಾವಿರ ಜನ ಉಳಿದರು. ಸೀಟು ಕಮ್ಮಿ, ಕಾಯುವವರು ಜಾಸ್ತಿ. ಹಾಗಾಗಿ ಹೊಸಬರು ವರ್ಷಗಟ್ಟಲೆ ಹಿರಿಯರ ಪಕ್ಕದಲ್ಲೇ ಕೂರಬೇಕು. ಕಡತ ಓದಬೇಕು, ತೀರ್ಪಿನ ಕರಡು ಬರೆಯಬೇಕು, ಅದನ್ನ ತಿದ್ದಿಸಿಕೊಳ್ಳಬೇಕು.

ಕೆಲಸ ಕಲಿಸುವ ಹಿರಿಯನಿಗೆ ಅಲ್ಲಿ ‘ಶಿಫು’ ಅನ್ನುತ್ತಾರೆ. ಅಡುಗೆಯವನೂ ಶಿಫು, ಡ್ರೈವರೂ ಶಿಫು. ಪಾಠ ಹೇಳುವ ಮೇಷ್ಟ್ರಲ್ಲ, ಕಸುಬು ಕಲಿಸುವ ಮೇಸ್ತ್ರಿ. ನನಗೆ ಈ ಪದ ಬಹಳ ಹಿಡಿಸಿತು.

[ದೃಶ್ಯ: ಕೌಂಟರ್, ಕಾಗದ ಹಿಡಿದ ಕೈಗಳು]

ಇನ್ನೊಂದು ಜಾಣತನ ನೋಡಿ. ಫಾಂಗ್ ಯುವಾನ್ ಇರುವುದು ಕೇಸು ದಾಖಲು ಮಾಡುವ ವಿಭಾಗದಲ್ಲಿ. ಕೋರ್ಟ್‌ನ ಬಾಗಿಲು ಅಂದರೆ ಅದೇ. 2015ರ ಮೇ 1ಕ್ಕೆ ಮುಂಚೆ ಅರ್ಜಿಯನ್ನು ಅಲ್ಲೇ ಪರಿಶೀಲಿಸುತ್ತಿದ್ದರು, ಕೇಸು ಒಳಗೆ ಹೋಗದೇ ಅಲ್ಲೇ ನಿಂತುಬಿಡಬಹುದಿತ್ತು. ಆಮೇಲೆ ನಿಯಮ ಬದಲಾಯಿತು: ಕಾಗದಪತ್ರ ಸರಿಯಿದ್ದರೆ ದಾಖಲು ಮಾಡಲೇಬೇಕು. ಗಂಡ-ಹೆಂಡತಿ ಜಗಳ, ಬಾಕಿ ಸಂಬಳ, ಎಲ್ಲ ಆ ಕೌಂಟರ್‌ಗೇ ಬಂದು ಬೀಳುತ್ತದೆ. ಸಿಟ್ಟು, ಅಳು ಸಮೇತ. ಕಾನೂನು ಪುಸ್ತಕದಲ್ಲಿ ಸಿಗುತ್ತದೆ, ಅಳುತ್ತಾ ಬಂದವರ ಮಾತು ಕೇಳುವುದನ್ನ ಯಾರಾದರೂ ಪಕ್ಕದಲ್ಲಿ ಕೂತು ತೋರಿಸಬೇಕು, ಅಲ್ವಾ?

ಹಾಗಂತ ಕಣ್ಣು ಮುಚ್ಚಿ ನಂಬಬೇಡಿ. ಇದು ಚೀನಾದ ಸುಪ್ರೀಂ ಕೋರ್ಟ್‌ನ ಬೆಂಬಲದಿಂದ ಆದ ಸೀರಿಯಲ್. ಜನ ತನ್ನನ್ನು ಹೇಗೆ ನೋಡಬೇಕು ಅಂತ ಕೋರ್ಟ್ ಅಂದುಕೊಂಡಿದೆಯೋ ಹಾಗೇ ಇಲ್ಲಿ ಕಾಣುತ್ತದೆ.

[ಸಂಗೀತ ನಿಲ್ಲುತ್ತದೆ]

‘ದೀಶ್ಯೆನ್’ ಅಂದರೆ ಇದಕ್ಕಿಂತ ಕೆಳಗೆ ಇಳಿಯಲ್ಲ ಅನ್ನುವ ಗೆರೆ. ಕಥೆ ನಡೆಯುವ ಊರು ‘ಶಿಂಗ್‌ಚೆಂಗ್’. ಹುನಾನ್ ಪ್ರಾಂತ್ಯದ ರಾಜಧಾನಿ ಚಾಂಗ್ಶಾ ನಗರಕ್ಕೆ ಜನ ಇಟ್ಟ ಅಡ್ಡಹೆಸರು ಅದು. ಅದೇ ಚಾಂಗ್ಶಾದಲ್ಲಿ 2021ರ ಜನವರಿ 12ರಂದು ಹುನಾನ್ ಹೈಕೋರ್ಟ್‌ನ ಜಡ್ಜ್ ಝೌ ಚುನ್‌ಮೇ ಅವರನ್ನು ಚಾಕುವಿನಿಂದ ಇರಿದು ಕೊಂದರು. ಕೊಂದವಳು ಅವರ ಊರಿನ ಕಡೆಯ ಪರಿಚಯದವಳು. ತನ್ನ ಕೇಸಿಗೆ ಒಂದು ಮಾತು ಹೇಳಿ ಅಂತ ಕೇಳಿದ್ದಳು. ಝೌ ಆಗಲ್ಲ ಅಂದಿದ್ದರು.