ಇಲಿ ಪಾಸಾದರೆ ನಾವು ಪಾಸಾದಂತಲ್ಲ

ನಮಸ್ಕಾರ, ಬೆಳಗಾವಿಯಿಂದ ಮಾತಾಡುತ್ತಿದ್ದೇನೆ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ದಿನಾ ನೆಲನೆಲ್ಲಿ ರಸ ಕುಡಿಯಿರಿ, ಮಾತ್ರೆ ಎಷ್ಟು ನುಂಗಿದರೂ ಲಿವರ್‌ಗೆ ಏನೂ ಆಗಲ್ಲ. ಇಲಿಗಳ ಮೇಲೆ ಸಾಬೀತಾಗಿದೆ." ಓದಿ ಮೈಯೆಲ್ಲ ಉರಿಯಿತು.

ಆ ಇಲಿಗೆ ಏನು ಮಾಡುತ್ತಾರೆ ಗೊತ್ತಾ? ಗಿಡ ಒಣಗಿಸಿ, ಪುಡಿ ಮಾಡಿ, ನೀರಲ್ಲೋ ಆಲ್ಕೋಹಾಲಿನಲ್ಲೋ ನೆನೆಸಿ ಸಾರ ತೆಗೆಯುತ್ತಾರೆ. ಇಲಿಯ ತೂಕ ನೋಡಿ ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಕುಡಿಸುತ್ತಾರೆ. ಎಷ್ಟೋ ಪ್ರಯೋಗಗಳಲ್ಲಿ ಕೆಲವು ದಿನ ಮೊದಲೇ ಸಾರ ಕುಡಿಸಿ, ಆಮೇಲೆ ಲಿವರ್ ಕೆಡಿಸಲೆಂದೇ ಪ್ಯಾರಾಸಿಟಮಾಲ್ ಜಾಸ್ತಿ ಕೊಡುತ್ತಾರೆ. ಕೊನೆಗೆ ರಕ್ತದಲ್ಲಿ ಎಸ್‌ಜಿಪಿಟಿ, ಎಸ್‌ಜಿಒಟಿ ನೋಡುತ್ತಾರೆ, ಲಿವರ್‌ಗೆ ಪೆಟ್ಟಾದರೆ ಏರುವ ಅಂಶಗಳವು. ಏರಿಕೆ ಕಡಿಮೆ ಇದ್ದರೆ ಇಲಿ ಪಾಸು. ಇಲಿ ಪಾಸಾದರೆ ನಾವು ಪಾಸಾದಂತಲ್ಲ!

ನಮ್ಮ ಕಾಕಾನ ಕತೆ ಹೇಳುತ್ತೇನೆ. ಮೊಣಕಾಲು ನೋವು. ಟೀಪಾಯಿ ಮೇಲೆ ಸ್ಟೀಲ್ ಲೋಟ, ಅದರಲ್ಲಿ ಹಸಿರು ರಸ, ಅಂಚಿಗೆ ನೊರೆ ಅಂಟಿತ್ತು. ಪಕ್ಕದಲ್ಲಿ ಪ್ಯಾರಾಸಿಟಮಾಲ್ 650 ಮಿಲಿಗ್ರಾಂ ಮಾತ್ರೆಯ ಖಾಲಿ ಸ್ಟ್ರಿಪ್. "ಕಾಕಾ, ಇವತ್ತು ಎಷ್ಟು ನುಂಗಿದ್ರಿ?" "ಎಂಟು. ರಸ ಕುಡಿದೀನಲ್ಲೋ." ಎಂಟು ಅಂದರೆ 5200 ಮಿಲಿಗ್ರಾಂ! ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 4000 ದಾಟಬಾರದು. ಆಗಿಂದಾಗಲೇ ಎಬ್ಬಿಸಿಕೊಂಡು ಡಾಕ್ಟರ ಹತ್ತಿರ ಹೋದೆ.

ಪ್ಯಾರಾಸಿಟಮಾಲ್ ಮಿತಿ ಮೀರಿದರೆ ಲಿವರ್‌ನಲ್ಲೇ ಒಂದು ವಿಷ ಜಾಸ್ತಿ ಹುಟ್ಟುತ್ತದೆ. ಅದನ್ನು ತಡೆಯುವ ಗ್ಲುಟಾಥಯೋನ್ ಖಾಲಿಯಾಗುತ್ತದೆ. ಅದನ್ನು ಮತ್ತೆ ತುಂಬಲು ಆಸ್ಪತ್ರೆಯಲ್ಲಿ ಎನ್-ಅಸಿಟೈಲ್‌ಸಿಸ್ಟೀನ್ ಕೊಡುತ್ತಾರೆ. ಮಾತ್ರೆ ನುಂಗಿದ ಎಂಟು ಗಂಟೆಯೊಳಗೆ ಸಿಕ್ಕರೆ ತುಂಬಾ ಒಳ್ಳೆಯದು. ಆ ಎಂಟು ಗಂಟೆ ಸೊಪ್ಪು ಅರೆಯುತ್ತಾ ಕೂತರೆ?

"ನಮ್ಮಜ್ಜಿ ಕಾಮಣಿಗೆ ಇದನ್ನೇ ಕೊಡುತ್ತಿದ್ದರು" ಅನ್ನುತ್ತೀರಿ. ಅಜ್ಜಿ ಕಾಲದಲ್ಲಿ ದಿನಕ್ಕೆ ಎಂಟು ಮಾತ್ರೆ ಯಾರು ನುಂಗುತ್ತಿದ್ದರು? "ಗಿಡ ಅಲ್ವಾ, ಏನಾಗುತ್ತೆ" ಅನ್ನುತ್ತೀರಿ. 2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ತಗೊಂಡ ಆರು ಜನರ ಲಿವರ್‌ಗೆ ಪೆಟ್ಟಾದದ್ದನ್ನು ವರದಿ ಮಾಡಿದರು. ಅದೂ ಗಿಡವೇ!

ಸಂಶೋಧನೆ ಬೇಡ ಅಂತಿಲ್ಲ. ಸಾಂಪ್ರದಾಯಿಕ ಔಷಧಗಳಿಗೆಂದೇ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಂಸ್ಥೆ ನಮ್ಮ ಬೆಳಗಾವಿಯಲ್ಲೇ ಇದೆ, ನನಗೆ ಹೆಮ್ಮೆ. ಇನ್ನೂ ಜಾಸ್ತಿ ಪರೀಕ್ಷೆ ಆಗಲಿ, ಮನುಷ್ಯರ ಮೇಲೂ ಸರಿಯಾಗಿ ಆಗಲಿ. ಅಲ್ಲಿವರೆಗೆ ಸುಮ್ನೆ ಹರಡಬೇಡಿ. ಇಲಿ ಪಾಸಾದರೆ ನಾವು ಪಾಸಾದಂತಲ್ಲ, ಎಷ್ಟು ಸಲ ಹೇಳಲಿ!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಮನೆಯ ವಾಟ್ಸಾಪ್ ಗ್ರೂಪಿಗೆ ಇದನ್ನೇ ಹಾಕಿ. ಕಾಕಾ, ನೀವೂ ನೋಡುತ್ತೀರಿ ಅಂತ ಗೊತ್ತು. ಉಳಿದ ಮಾತ್ರೆ ಕಾಕು ಕೈಗೆ ಕೊಟ್ಟುಬಿಡಿ.